ಗಾಣದ ಹೊಗೆ ಮತ್ತು ಗ್ವಾನೀನಿನ ತುಕ್ಕು

ಡಿಎನ್‌ಎಗೂ ತುಕ್ಕು ಹಿಡಿಯುತ್ತದೆ ಎಂಬ ಮಾತನ್ನು ನಾನು ಪ್ರಯೋಗಾಲಯದ ಹೊರಗೆ ಮೊದಲ ಸಲ ಹೇಳಿದ್ದು ಕಲ್ಲೋಳಿ ಹತ್ತಿರದ ಒಂದು ಬೆಲ್ಲದ ಗಾಣದಲ್ಲಿ, ಎಲೆಯ ಮೇಲೆ ಬಿಸಿ ಬೆಲ್ಲ ಹಿಡಿದುಕೊಂಡು, ನಾಲ್ಕು ಮಂದಿಯ ಎದುರು. ಆ ಮಾತನ್ನು ಅಲ್ಲಿ ಆಡಬಾರದಿತ್ತು. ಆಡಿದ್ದರ ಫಲವನ್ನು ನಾನೊಬ್ಬನೇ ಉಂಡಿದ್ದರೆ ಇದನ್ನು ಬರೆಯುವ ಅಗತ್ಯವೂ ಇರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಗೋಕಾಕದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಜೊತೆಗೆ, ನಡು ವಯಸ್ಸಿಗೆ ಬಂದವರಿಗೆ ಹಿಡಿಯುವ ಕಾಯಿಲೆಯಂತೆ, ಡಾಕ್ಟರೇಟ್ ಹಿಡಿದಿತ್ತು. ವಿಶ್ವವಿದ್ಯಾಲಯದಲ್ಲಿದ್ದ ಮಾರ್ಗದರ್ಶಕರು ವಿಷಯ ಒಪ್ಪಿದ್ದರು. ಬೆಲ್ಲದ ಒಲೆಗೆ ಉರಿ ಹಾಕುವವರು ದಿನವಿಡೀ ಹೊಗೆ ಕುಡಿಯುತ್ತಾರಷ್ಟೆ. ಅವರ ರಕ್ತದ ಬಿಳಿಕೋಶಗಳ ಡಿಎನ್‌ಎಯಲ್ಲಿ ಆಮ್ಲಜನಕದ ಪೆಟ್ಟು ಬೇರೆಯವರಿಗಿಂತ ಹೆಚ್ಚೋ ಅಲ್ಲವೋ ಎಂದು ಅಳೆಯುವುದು ನನ್ನ ಕೆಲಸ.

ಪೆಟ್ಟು ಎಂದರೇನು ಎಂಬುದನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಡಿಎನ್‌ಎಯ ಬರಹಕ್ಕೆ ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಎ ಎದುರಿಗೆ ಟಿ ಕೂರಬೇಕು, ಜಿ ಎದುರಿಗೆ ಸಿ. ನಾಲ್ವರಲ್ಲಿ ಜಿ, ಅಂದರೆ ಗ್ವಾನೀನ್, ಬಲು ಮೆತ್ತಗಿನ ಆಸಾಮಿ. ಆಮ್ಲಜನಕದ ತಂಟೆಕೋರ ರೂಪಗಳು ಎದುರಾದರೆ ಮೊದಲು ಪೆಟ್ಟು ತಿನ್ನುವುದು ಅದೇ. ಒಂದು ಆಮ್ಲಜನಕ ಅಂಟಿಕೊಂಡ ಮೇಲೂ ನೋಡುವುದಕ್ಕೆ ಅದು ಗ್ವಾನೀನೇ. ಆದರೆ ಕೋಶ ಎರಡಾಗುವ ಮುನ್ನ ಡಿಎನ್‌ಎಯ ನಕಲು ತೆಗೆಯುವಾಗ, ಈ ಕೆಟ್ಟ ಜಿ ಎದುರಿಗೆ ಸಿ ಬದಲು ಎ ಬಂದು ಕೂತುಬಿಡಬಹುದು. ಮುಂದಿನ ನಕಲಿನಲ್ಲಿ ಆ ಎ ನಿಯಮದಂತೆ ತನ್ನೆದುರಿಗೆ ಟಿಯನ್ನು ಕರೆಯುತ್ತದೆ. ಅಲ್ಲಿಗೆ ಜಿ ಇದ್ದ ಜಾಗದಲ್ಲಿ ಟಿ ಖಾಯಂ ಆಯಿತು. ಇದೇ ಉತ್ಪರಿವರ್ತನೆ. ದುರಸ್ತಿಗೆ ಕಿಣ್ವಗಳಿವೆ: ಒಂದು ಕೆಟ್ಟ ಜಿಯನ್ನು ಕಿತ್ತು ತೆಗೆಯುತ್ತದೆ, ಇನ್ನೊಂದು ತಪ್ಪು ಜಾಗದಲ್ಲಿ ಕೂತ ಎಯನ್ನು ಎಬ್ಬಿಸಿ ಕಳಿಸುತ್ತದೆ. ಇಬ್ಬರ ಕಣ್ಣೂ ತಪ್ಪಿಸಿ ಉಳಿದದ್ದು ಆ ಕೋಶದ ಮಕ್ಕಳು ಮೊಮ್ಮಕ್ಕಳವರೆಗೂ ನಡೆಯುತ್ತದೆ. ಕೆಲವೊಮ್ಮೆ ಅಂಥ ತಪ್ಪುಗಳೇ ಕೂಡಿ ಕ್ಯಾನ್ಸರಿನ ದಾರಿ ಹಿಡಿಯುತ್ತವೆ.

ರಕ್ತ ತೆಗೆಯುವುದಕ್ಕೆ ಊರಿನ ಒಂದು ದವಾಖಾನೆಯ ತಂತ್ರಜ್ಞರು ಒಪ್ಪಿಕೊಂಡಿದ್ದರು. ನನಗಿಂತ ಹಿರಿಯರು, ಮಾತು ಕಡಿಮೆ, ಎಲ್ಲವನ್ನೂ ಗಡಿಯಾರ ನೋಡಿ ಬರೆದಿಡುವ ಚಟ. ಸೂಜಿ ಚುಚ್ಚಿದ ಹೊತ್ತು, ಊರು ಬಿಟ್ಟ ಹೊತ್ತು, ಚಹಾ ಕುಡಿದ ಹೊತ್ತು, ಎಲ್ಲವೂ ಅವರ ಉದ್ದನೆಯ ವಹಿಯಲ್ಲಿ ದಾಖಲಾಗುತ್ತಿದ್ದವು. ಚಹಾದ ಹೊತ್ತು ವಿಜ್ಞಾನಕ್ಕೆ ಏಕೆ ಎಂದು ನಾನು ನಕ್ಕಿದ್ದುಂಟು. ‘ಬರದ್ರ ಏನ್ ಭಾರ ಆಕ್ಕೈತ್ರಿ ಸರ್’ ಎಂದಿದ್ದರು.

ಹೋಲಿಕೆಗೆಂದು ಗೋಕಾಕದ ಕಚೇರಿಗಳ ಗುಮಾಸ್ತರ ರಕ್ತ ತೆಗೆದೆವು. ಅಲ್ಲಿ ನಮ್ಮನ್ನು ಯಾರೂ ಕೂರಿಸಿಕೊಳ್ಳಲಿಲ್ಲ. ಕೈ ಚಾಚಿದರು, ಹತ್ತಿ ಒತ್ತಿಕೊಂಡರು, ಕಡತಕ್ಕೆ ತಲೆ ಬಗ್ಗಿಸಿದರು. ನಳಿಕೆಗಳು ಅರ್ಧ ತಾಸಿನೊಳಗೆ ಕಾಲೇಜು ಸೇರಿ, ಯಂತ್ರದಲ್ಲಿ ಗರಗರ ತಿರುಗಿ, ಕೋಶಗಳು ಕೆಳಗೆ ಕೂತು, ಮೇಲೆ ಹುಲ್ಲುಬಣ್ಣದ ತಿಳಿ ನಿಲ್ಲುತ್ತಿತ್ತು.

ಆಮೇಲೆ ಗಾಣಗಳ ಸರದಿ. ನನ್ನ ಹಳೆಯ ಸ್ಕೂಟರಿನ ಹಿಂದೆ ತಂತ್ರಜ್ಞರು, ಅವರ ತೊಡೆಯ ಮೇಲೆ ಚೀಲ, ಚೀಲದಲ್ಲಿ ನಳಿಕೆಗಳು. ಮೂಡಲಗಿ ರಸ್ತೆಯಲ್ಲಿ ಕಬ್ಬಿನ ಗಾಡಿಗಳು ಮಾಡಿದ ಕುಣಿಗಳನ್ನು ಒಂದೊಂದಾಗಿ ಪರಿಚಯ ಮಾಡಿಕೊಳ್ಳುತ್ತ ಹೋಗುತ್ತಿದ್ದೆವು. ಚಳಿಗಾಲದ ಬೆಳಿಗ್ಗೆ ಆ ದಾರಿಯುದ್ದಕ್ಕೂ ಕುದಿಯುವ ಕಬ್ಬಿನ ಹಾಲಿನ ವಾಸನೆ ನಿಂತಿರುತ್ತಿತ್ತು. ಈಗ ಗಾಣಗಳು ಕಡಿಮೆ, ನನ್ನ ಮೂಗೂ ಹಳೆಯದಾಗಿದೆ. ಯಾವುದನ್ನು ದೂರಬೇಕೋ ತಿಳಿಯದು.

ಕಲ್ಲೋಳಿಯ ಗಾಣದ ಯಜಮಾನರು ಜೈನ ಒಕ್ಕಲುತನದ ಮನೆಯವರು, ಅರ್ಧ ಮಾತು ಮರಾಠಿ, ಪೂರ್ತಿ ಉಪಚಾರ. ಆ ಮನೆತನದ್ದೊಂದು ಕಟ್ಟಳೆ ಇತ್ತು. ಕೊಪ್ಪರಿಗೆ ಒಲೆಯ ಮೇಲಿದ್ದಾಗ ಬಂದವರು ಅದು ಇಳಿಯುವವರೆಗೆ ಹೋಗುವಂತಿಲ್ಲ. ಹೋದರೆ ಆ ದಿನದ ಹದ ಕೆಡುತ್ತದೆ. ಬಂದವರು ಕಲೆಕ್ಟರರೇ ಆಗಲಿ, ಬೀಗರೇ ಆಗಲಿ, ಬಿಸಿ ಬೆಲ್ಲ ನೆಕ್ಕಿಯೇ ಏಳಬೇಕು. ವಿಜ್ಞಾನಕ್ಕೆ ರಿಯಾಯಿತಿ ಇರಲಿಲ್ಲ. ನಾವು ರಕ್ತ ತೆಗೆದು ಚೀಲವನ್ನು ಬೇವಿನ ಮರದ ಬುಡಕ್ಕಿಟ್ಟು, ಮೂರು ತಾಸು, ಒಮ್ಮೊಮ್ಮೆ ನಾಲ್ಕು ತಾಸು, ಹಗ್ಗದ ಹೊರಸಿನ ಮೇಲೆ ಕೂರುತ್ತಿದ್ದೆವು. ನಿಜ ಹೇಳಬೇಕೆಂದರೆ, ನಾನು ಆ ಕಟ್ಟಳೆಯನ್ನು ಮನಃಪೂರ್ವಕ ಗೌರವಿಸಿದೆ. ಸಂಶೋಧನೆಯ ಅಷ್ಟೂ ಭಾಗಗಳಲ್ಲಿ ನನಗೆ ಸರಿಯಾಗಿ ಬಂದದ್ದು ಅದೊಂದೇ.

ಆ ಗಾಣದ ಒಲೆಗೆ ಉರಿ ಹಾಕುತ್ತಿದ್ದವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಮುಸಲ್ಮಾನರು, ಅರವತ್ತರ ಹತ್ತಿರ, ಬೆನ್ನು ನೆಟ್ಟಗೆ. ಕಬ್ಬಿನ ಸಿಪ್ಪೆಯನ್ನೂ ಒಣ ಎಲೆಯನ್ನೂ ಕವೆಗೋಲಿನಿಂದ ಒಲೆಯ ಬಾಯಿಗೆ ತಳ್ಳುವುದು ನಲವತ್ತು ವರ್ಷದ ಕೆಲಸ. ಹೊರಗಿನವರಿಗೆ ಅದು ಕಸ ಹಾಕಿದಂತೆ ಕಾಣುತ್ತದೆ. ಆದರೆ ಪಾಕ ಯಾವಾಗ ಏರುತ್ತದೆ, ಎಲ್ಲಿ ಉರಿ ತಗ್ಗಬೇಕು ಎಂಬುದನ್ನು ಕೊಪ್ಪರಿಗೆಯತ್ತ ತಿರುಗದೆ, ಕುದಿಯುವ ಸಪ್ಪಳದಿಂದಲೇ ಅವರು ಹೇಳುತ್ತಿದ್ದರು. ಅವರ ಬೆಲ್ಲ ಚಿನ್ನದ ಬಣ್ಣ. ಮೂಡಲಗಿ ಸಂತೆಯಲ್ಲಿ ಅದನ್ನು ಕಣ್ಣಿನಿಂದಲೇ ಗುರುತು ಹಿಡಿಯುತ್ತಿದ್ದರಂತೆ.

ಕಾಲೇಜಿಗೆ ಮರಳಿದ ಮೇಲೆ ನಿಜವಾದ ಅಡುಗೆ. ಕೆಂಪು ಕೋಶಗಳನ್ನು ಒಡೆದು ತೊಳೆದು, ಬಿಳಿ ಕೋಶಗಳನ್ನು ಕರಗಿಸಿ, ಫಿನಾಲಿನಲ್ಲಿ ಕುಲುಕಿ ಪ್ರೋಟೀನನ್ನು ಬೇರೆ ಮಾಡಿ, ತಣ್ಣನೆಯ ಆಲ್ಕೊಹಾಲ್ ಸುರಿದರೆ, ಡಿಎನ್‌ಎ ಬಿಳಿ ನೂಲಿನಂತೆ ಮೇಲೇಳುತ್ತದೆ. ಅದನ್ನು ಗಾಜಿನ ಕಡ್ಡಿಗೆ ಸುತ್ತಿಕೊಳ್ಳುವಾಗ ಇಂದಿಗೂ ನನ್ನ ಉಸಿರು ನಿಲ್ಲುತ್ತದೆ. ಆ ನೂಲನ್ನು ಬರ್ಫ ತುಂಬಿದ ಥರ್ಮಾಸಿನಲ್ಲಿಟ್ಟು, ಕೆಂಪು ಬಸ್ಸಿನಲ್ಲಿ ವಿಶ್ವವಿದ್ಯಾಲಯಕ್ಕೆ ಒಯ್ಯುತ್ತಿದ್ದೆ. ಅಲ್ಲಿ ಕಿಣ್ವಗಳಿಂದ ಅದನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಒಂದು ಉದ್ದನೆಯ ಕೊಳವೆಯ ಮೂಲಕ ಹಾಯಿಸಿದರೆ, ತುದಿಯಲ್ಲಿನ ಯಂತ್ರ ಕಾಗದದ ಸುರುಳಿಯ ಮೇಲೆ ಗುಡ್ಡಗಳನ್ನು ಬರೆಯುತ್ತಿತ್ತು. ಕೆಟ್ಟ ಗ್ವಾನೀನಿಗೆ ಅದರದೇ ಒಂದು ಗುಡ್ಡ.

ಗುಮಾಸ್ತರ ಗುಡ್ಡ ಇರುವೆಯ ಗೂಡಿನಷ್ಟಿತ್ತು. ಕಲ್ಲೋಳಿಯದು ಕಾಗದದ ಅಂಚು ಮುಟ್ಟಿತು. ಕಾಕಾರದಂತೂ ಲೇಖನಿಯನ್ನೇ ಹೊರಗೆ ದಾಟಿಸಿತು. ಮಾರ್ಗದರ್ಶಕರು ಕನ್ನಡಕ ಹಣೆಗೇರಿಸಿ, ‘ಇದು ಪ್ರಬಂಧ’ ಎಂದರು. ಆ ದಿನ ನಾನು ಬಸ್‌ಸ್ಟ್ಯಾಂಡಿನ ತನಕ ನಡೆಯಲಿಲ್ಲ, ಮೆರವಣಿಗೆ ಹೋದೆ.

ಮುಂದಿನ ಸಲ ಕಲ್ಲೋಳಿಗೆ ಹೋದಾಗ, ಹೊರಸಿನ ಮೇಲೆ, ಬೆಲ್ಲ ಹಿಡಿದುಕೊಂಡು ಆ ಮಾತು ಆಡಿದ್ದು. ಕಾಕಾ ಕೇಳಿದ್ದು ಸಾದಾ ಪ್ರಶ್ನೆ: ನಮ್ಮ ರಗತದಾಗ ಏನ್ ಕಂಡಿತ್ರಿ? ನಾನು ಉಪನ್ಯಾಸಕ. ಪ್ರಶ್ನೆ ಕೇಳಿದರೆ ನಲವತ್ತೈದು ನಿಮಿಷ ಉತ್ತರಿಸುವ ಜಾತಿ. ತುಕ್ಕು, ಜಿ, ಟಿ, ಕ್ಯಾನ್ಸರು, ಎಲ್ಲವನ್ನೂ ಕಲಸಿ ಹೇಳಿ, ಕೊನೆಗೆ ಕಚೇರಿಯವರಿಗಿಂತ ನಿಮ್ಮದು ಬಹಳ ಹೆಚ್ಚು, ಅದರಲ್ಲೂ ನಿಮ್ಮದು ಎಲ್ಲರಿಗಿಂತ ಎಂದುಬಿಟ್ಟೆ. ಆರಿದ ಬೆಲ್ಲವನ್ನು ಅಚ್ಚಿಗೆ ಕೊರೆಯುತ್ತಿದ್ದವನೊಬ್ಬ, ‘ಕಾಕಾ, ಒಲಿ ಹೊರಗಷ್ಟ ಅಲ್ಲ, ಒಳಗೂ ಹತ್ತೇತಿ ನೋಡು’ ಎಂದು ಚೇಷ್ಟೆ ಮಾಡಿದ. ಎಲ್ಲರೂ ನಕ್ಕರು. ಕಾಕಾರೂ ನಕ್ಕರು. ನಾನು ಬೆಲ್ಲ ಮುಗಿಸಿ ಎದ್ದೆ.

ಎರಡು ವಾರ ಕಳೆದು ಯಜಮಾನರ ಫೋನು ಬಂತು. ಕಾಕಾ ಕವೆಗೋಲು ಇಟ್ಟು ಹೋಗಿದ್ದರು. ಕಬ್ಬಿನ ಹಂಗಾಮಿನ ನಟ್ಟನಡುವೆ, ಒಂದು ಮಾತೂ ಆಡದೆ. ಕೊಣ್ಣೂರಿನಲ್ಲಿ ಅಳಿಯನ ಹಿಟ್ಟಿನ ಗಿರಣಿಯಲ್ಲಿ ಕಾಳು ತೂಗುತ್ತಿದ್ದಾರಂತೆ. ಹೊಸಬ ಉರಿ ಹಾಕಿದ್ದಕ್ಕೆ ಮೂರು ಕೊಪ್ಪರಿಗೆ ಬೆಲ್ಲ ಕಪ್ಪಾಗಿತ್ತು. ಯಜಮಾನರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ‘ನೀವು ಓದಿದವ್ರು, ಖರೆ ಇದ್ದದ್ದನ್ನ ಹೇಳಿರ್ತೀರಿ. ಖರೆ ಐತೆಲ್ಲಾ ಸರ್ ಅದು?’ ಎಂದಷ್ಟೇ ಕೇಳಿದರು. ಐತಿ ಎಂದೆ. ಅದನ್ನು ಹೇಳುವಾಗ ನನಗೆ ಯಾವ ಸಂಶಯವೂ ಇರಲಿಲ್ಲ ಎಂಬುದನ್ನು ದಾಖಲಿಸಬೇಕು.

ಸಂಶಯ ಹುಕ್ಕೇರಿಯಿಂದ ಬಂತು. ಅಲ್ಲಿನ ಒಂದು ಗಾಣದಲ್ಲೂ ನಾವು ರಕ್ತ ತೆಗೆದಿದ್ದೆವು. ಹೊಗೆ ಅದೇ, ಒಲೆ ಅದೇ, ಉರಿ ಹಾಕುವವರ ವಯಸ್ಸೂ ಹೆಚ್ಚುಕಡಿಮೆ ಅದೇ. ಆದರೆ ಅವರ ಗುಡ್ಡಗಳು ಗುಮಾಸ್ತರ ಗುಡ್ಡಗಳಂತೆ ಪುಟ್ಟವಾಗಿ ಬಂದವು. ಮತ್ತೊಮ್ಮೆ ಹಾಯಿಸಿದೆ. ಹಾಗೇ ಬಂದವು. ಮಾರ್ಗದರ್ಶಕರು, ಒಂದು ಊರಿನ ಮಾದರಿ ಎಲ್ಲೋ ಕೆಟ್ಟಿದೆ, ಅದನ್ನು ಬಿಟ್ಟು ಬರೆ ಎಂದರು. ಅವರು ಕೆಟ್ಟ ಮನುಷ್ಯರಲ್ಲ. ಸಮ್ಮೇಳನಕ್ಕೆ ಸಾರಾಂಶ ಕಳಿಸುವ ದಿನ ಹತ್ತಿರ ಬಂದಿತ್ತು, ಅಷ್ಟೆ. ನಾನೂ ಬಿಡುವುದಕ್ಕೆ ತಯಾರಾಗಿದ್ದೆ. ಹುಕ್ಕೇರಿಯನ್ನು ಭೂಪಟದಿಂದ ಅಳಿಸುವುದಕ್ಕೆ ಒಂದೇ ವಾಕ್ಯ ಸಾಕಿತ್ತು, ಅದನ್ನು ಬರೆದೂ ಆಗಿತ್ತು. ಯಾವ ಕಾರಣ ಕೊಡಲಿ ಎಂದು ತಂತ್ರಜ್ಞರ ವಹಿ ತರಿಸಿದೆ.

ಆ ವಹಿಯನ್ನು ನಾನು ಅದಕ್ಕೂ ಮೊದಲು ಓದಿರಲಿಲ್ಲ. ಹುಕ್ಕೇರಿಯ ಗಾಣದ ಧಣಿ ನಮ್ಮನ್ನು ಸರ್ಕಾರದ ಯಾವುದೋ ತಪಾಸಣೆಯವರೆಂದು ತಿಳಿದು, ರಕ್ತ ತೆಗೆದಾಕ್ಷಣ, ನೀರು ಬೇಕೇ ಎಂದೂ ಕೇಳದೆ ದಾರಿ ತೋರಿಸಿದ್ದರು. ದೂರವೆಂದು ಆ ದಿನ ಸ್ಕೂಟರ್ ಬಿಟ್ಟು ಹೋಗಿದ್ದೆವು, ಮರಳುವ ಬಸ್ಸಿಗೆ ಇನ್ನೂ ಹೊತ್ತಿತ್ತು. ತಂತ್ರಜ್ಞರು ಸುಮ್ಮನೆ ಕೂರಲಾರದೆ, ಹುಕ್ಕೇರಿಯಲ್ಲಿ ಪರಿಚಯದ ದವಾಖಾನೆಗೆ ಹೋಗಿ, ಅಲ್ಲಿನ ಕೈಯಿಂದ ತಿರುಗಿಸುವ ಯಂತ್ರದಲ್ಲಿ ನಳಿಕೆಗಳನ್ನು ತಿರುಗಿಸಿ, ಬಿಳಿ ಕೋಶಗಳನ್ನು ಬೇರೆ ಮಾಡಿ ತೊಳೆದು ಬರ್ಫದಲ್ಲಿಟ್ಟಿದ್ದರು. ಆ ಪುಟದ ಅಂಚಿನಲ್ಲಿ ‘ತಿಳಿ: ಹುಲ್ಲುಬಣ್ಣ. ಚಹಾ: ಇಲ್ಲ’ ಎಂದಿತ್ತು.

ಕಲ್ಲೋಳಿಯ ಪುಟ ತೆಗೆದೆ. ‘ಬೆಲ್ಲ: ಮೂರೂವರೆ ತಾಸು. ತಿಳಿ: ಗುಲಾಬಿ.’ ಮುಂದಿನ ಪುಟ, ಇನ್ನೊಂದು ಭೇಟಿ: ಬೆಲ್ಲ, ನಾಲ್ಕು ತಾಸು, ಗುಲಾಬಿ. ಕಾಕಾರ ನಳಿಕೆಯ ಎದುರಿಗೆ: ‘ದಟ್ಟ ಗುಲಾಬಿ’.

ಆ ಬಣ್ಣವನ್ನು ಕಾಲೇಜಿನಲ್ಲಿ ನಾನೂ ಕಂಡಿದ್ದೆ, ಲೆಕ್ಕಕ್ಕೆ ಹಿಡಿದಿರಲಿಲ್ಲ. ತಿಳಿ ಗುಲಾಬಿಯಾದರೆ ಕೆಂಪು ಕೋಶಗಳು ಒಡೆದಿವೆ ಎಂದರ್ಥ. ಮೂರು ತಾಸು ಮರದ ಬುಡದ ಬಿಸಿಲು ನೆರಳು, ಆಮೇಲೆ ಮೂಡಲಗಿ ರಸ್ತೆಯ ಕುಣಿಗಳು. ಒಡೆದ ಕೋಶಗಳಿಂದ ಕಬ್ಬಿಣ ಹೊರಬರುತ್ತದೆ. ಆ ಕಬ್ಬಿಣ ಎಷ್ಟು ತೊಳೆದರೂ ಸ್ವಲ್ಪ ಉಳಿದು, ನಮ್ಮ ಫಿನಾಲಿನ ಜೊತೆ ಸೇರಿ, ಡಿಎನ್‌ಎ ತೆಗೆಯುವ ಹೊತ್ತಿನಲ್ಲೇ ಗ್ವಾನೀನಿಗೆ ಪೆಟ್ಟು ಕೊಡಬಲ್ಲದು. ಎಂದರೆ ಆ ತುಕ್ಕು ಕಾಕಾರ ಎದೆಯಲ್ಲಿ ಹಿಡಿದದ್ದಲ್ಲ. ನಮ್ಮ ಕಾಲೇಜಿನ ಎರಡನೇ ಮಹಡಿಯಲ್ಲಿ, ನನ್ನ ಕೈಯಲ್ಲೇ ಹಿಡಿದದ್ದಿರಬಹುದು. ನಾನು ಅಳೆದದ್ದು ಹೊಗೆಯನ್ನಲ್ಲ, ಯಜಮಾನರ ಉಪಚಾರವನ್ನು. ಒಬ್ಬ ಸಂಶಯದ ಧಣಿ ನಮ್ಮನ್ನು ಓಡಿಸದಿದ್ದರೆ ಅದು ಯಾರಿಗೂ ತಿಳಿಯುತ್ತಿರಲಿಲ್ಲ.

‘ಇರಬಹುದು’ ಎಂಬಷ್ಟಕ್ಕೇ ಸಮ್ಮೇಳನದ ಸಾರಾಂಶವನ್ನು ತಡೆಹಿಡಿಯಲಾಗದು. ಪರೀಕ್ಷೆ ಮಾಡಬೇಕು. ತಂತ್ರಜ್ಞರು ನನ್ನ ತೋಳಿನಿಂದ ಎರಡು ನಳಿಕೆ ರಕ್ತ ತೆಗೆದರು, ನಾನು ಕಣ್ಣು ಮುಚ್ಚಿ ಅವರ ತೋಳಿಗೂ ಚುಚ್ಚಿದೆ. ಆ ಕ್ಷಣ ಅವರು ಉಚ್ಚರಿಸಿದ ಒಂದು ಪದವನ್ನು ವಹಿಯಲ್ಲಿ ದಾಖಲಿಸಲಿಲ್ಲ. ಇಬ್ಬರದೂ ಒಂದೊಂದು ನಳಿಕೆಯನ್ನು ಕೂಡಲೇ ಯಂತ್ರಕ್ಕೆ ಹಾಕಿದೆವು. ಇನ್ನೊಂದೊಂದನ್ನು ಚೀಲದಲ್ಲಿಟ್ಟು, ಸ್ಕೂಟರ್ ಹತ್ತಿ, ಕಲ್ಲೋಳಿ ದಾರಿ ಹಿಡಿದೆವು. ಗಾಣದ ಹತ್ತಿರ ಹೋಗುವ ಮುಖವಿರಲಿಲ್ಲ. ಊರ ಹೊರಗೆ ಒಂದು ಮರದ ಕೆಳಗೆ ಚೀಲವಿಟ್ಟು ಮೂರೂವರೆ ತಾಸು ಕೂತೆವು. ಹಾದುಹೋದ ಮೇಲವಂಕಿಯ ರೈತರೊಬ್ಬರು ಗಾಡಿ ನಿಲ್ಲಿಸಿ ಯಾರ ದಾರಿ ಕಾಯುತ್ತಿದ್ದೀರಿ ಎಂದು ವಿಚಾರಿಸಿದರು. ರಕ್ತ ಕೆಡಲಿ ಎಂದು ಕಾಯುತ್ತಿದ್ದೇವೆ ಎಂದು ಹೇಳುವ ಧೈರ್ಯವಾಗದೆ, ಪೆಟ್ರೋಲು ತೀರಿದೆ ಎಂದೆ. ಪಾಪ, ಅವರು ತಂದುಕೊಡುತ್ತೇನೆಂದು ಹಟ ಹಿಡಿದರು. ಆ ಸೀಮೆಯಲ್ಲಿ ಸುಳ್ಳು ಹೇಳುವುದೂ ಸುಲಭವಿರಲಿಲ್ಲ.

ಆ ವಾರ ವಿಶ್ವವಿದ್ಯಾಲಯದ ಯಂತ್ರದ ಮುಂದೆ ನಾನೊಬ್ಬನೇ ಕೂತಿದ್ದೆ. ಕೂಡಲೇ ತಿರುಗಿಸಿದ ನನ್ನ ರಕ್ತದಲ್ಲಿ ಇರುವೆ ಗೂಡು. ಕಲ್ಲೋಳಿ ನೋಡಿಬಂದ ನನ್ನದೇ ರಕ್ತದಲ್ಲಿ ಗುಡ್ಡ ಏರುತ್ತ ಏರುತ್ತ ಕಾಗದದ ಅಂಚಿಗೆ ಹೋಯಿತು. ತಂತ್ರಜ್ಞರದೂ ಹಾಗೆಯೇ. ಜೀವಮಾನದಲ್ಲಿ ಒಲೆಯ ಬಾಯಿಗೆ ಒಂದು ಕಡ್ಡಿ ತಳ್ಳದ ನಾನು ಒಂದು ಮಧ್ಯಾಹ್ನದಲ್ಲಿ ನಲವತ್ತು ವರ್ಷ ಉರಿ ಹಾಕಿದವನಾಗಿದ್ದೆ.

ಸುರುಳಿಯನ್ನು ಮಾರ್ಗದರ್ಶಕರ ಮೇಜಿನ ಮೇಲೆ ಹರವಿದೆ. ಅವರು ಈ ಸಲ ಕನ್ನಡಕ ಹಣೆಗೇರಿಸಲಿಲ್ಲ. ಎರಡು ವರ್ಷದ ದುಡಿಮೆ ಹೋಯಿತು ಎಂದರು. ಈಗ ಪ್ರಬಂಧವಿಲ್ಲ, ಆದರೆ ಒಂದು ವಿಧಾನ ಸಿಕ್ಕಿತು ಎಂದೂ ಸೇರಿಸಿದರು. ಮತ್ತೆ ಮೊದಲಿಂದ ಶುರು ಮಾಡೋಣ: ಫಿನಾಲ್ ಬಿಟ್ಟು ಉಪ್ಪಿನ ವಿಧಾನ, ಕಬ್ಬಿಣವನ್ನು ಹಿಡಿದು ಕಟ್ಟಿಹಾಕುವ ಔಷಧಿ, ಗಾಣದಲ್ಲೇ ಕೈಯಂತ್ರ, ಹೋಲಿಕೆಗೆ ಅದೇ ಊರಿನ, ಹೊಗೆಯಿಂದ ದೂರ ಇರುವ ಜನ. ಒಂದು ತಿಂಗಳಲ್ಲಿ ಹೊಸ ಅಂಕಿ ಬರಲಿ, ಆಮೇಲೆ ಆ ಮುದುಕರಿಗೆ ಹೇಳಿದರಾಯಿತು ಎಂಬುದು ಅವರ ಸಲಹೆ. ಆಗ ಹೇಳುವುದಕ್ಕೆ ಏನಾದರೂ ಇರುತ್ತದೆ. ಈಗ ಹೋಗಿ ಏನು ಹೇಳುತ್ತೀ ಎಂದರು.

ಸಲಹೆ ಶಾಸ್ತ್ರೋಕ್ತವಾಗಿತ್ತು. ಆದರೆ ಹಂಗಾಮು ಮುಗಿಯುವುದಕ್ಕೆ ಒಂದು ತಿಂಗಳೂ ಇರಲಿಲ್ಲ. ಹೊಸಬನ ಕೈ ಕುದುರಿಬಿಟ್ಟರೆ ಮುಂದಿನ ವರ್ಷ ಕವೆಗೋಲು ಅವನದೇ. ಕಾಕಾ ಗಿರಣಿಯಲ್ಲಿ ಕೂತು, ತಮ್ಮ ಒಳಗೆ ಒಲೆ ಹತ್ತಿದೆ ಎಂದು ನಂಬಿಕೊಂಡೇ ಇನ್ನಷ್ಟು ಮುದುಕರಾಗುತ್ತಾರೆ. ಮರುದಿನ ಬೆಳಿಗ್ಗೆ ಕೊಣ್ಣೂರಿಗೆ ಹೋದೆ.

ಗಿರಣಿಯ ಕಟ್ಟೆಯ ಮೇಲೆ ಕೂತಿದ್ದರು, ಹುಬ್ಬಿನ ತನಕ ಹಿಟ್ಟು. ತಕ್ಕಡಿ ಬಿಟ್ಟು ಎದ್ದು, ಕೂರ್ರಿ ಎಂದರು. ನಾನು ನಿಂತೇ ಹೇಳಿದೆ. ಮೂರು ತಾಸು, ಗುಲಾಬಿ ತಿಳಿ, ನನ್ನದೇ ರಕ್ತದ ಗುಡ್ಡ, ಎಲ್ಲವನ್ನೂ, ಈ ಸಲ ಬೆಲ್ಲವಿಲ್ಲದೆ.

‘ಹಂಗಾರ ಹೊಗಿ ಏನೂ ಮಾಡೂದಿಲ್ಲೇನ್ರಿ?’ ಎಂದು ಕೇಳಿದರು.

ಅವರಿಗೆ ಬೇಕಾಗಿದ್ದದ್ದು ಹೌದು, ಅಲ್ಲ ಎಂಬ ಸುಲಭದ ಉತ್ತರ. ಹೊಗೆ ಒಳ್ಳೆಯದೆಂದು ನಾನು ಹೇಳಲಾರೆ, ಕೆಟ್ಟದ್ದು ಎಷ್ಟೆಂದೂ ಗೊತ್ತಿಲ್ಲ. ನಿಮ್ಮ ರಕ್ತದ ಬಗ್ಗೆ ಅಂದು ಹೇಳಿದ್ದನ್ನು ಹೇಳುವ ಹಕ್ಕು ನನಗಿರಲಿಲ್ಲ, ಅಷ್ಟು ಮಾತ್ರ ಗೊತ್ತು ಎಂದೆ. ನನ್ನ ವೃತ್ತಿಯಲ್ಲಿ ಅಷ್ಟು ಚಿಕ್ಕ ಉಪನ್ಯಾಸ ನಾನು ಎಂದೂ ಕೊಟ್ಟಿರಲಿಲ್ಲ.

ಕಾಕಾ ಹುಬ್ಬಿನ ಹಿಟ್ಟು ಒರೆಸಿಕೊಂಡರು. ‘ಆವತ್ತಿಂದ ನಾ ಉಣ್ಣೂ ಗಂಗಾಳ ಬ್ಯಾರೆ ಇಟ್ಕೊಂಡೇನ್ರಿ ಸರ್. ಸಣ್ಣ ಹುಡುಗ್ರು ಅದಾರ ಮನ್ಯಾಗ. ಹತ್ತಿಗಿತ್ತೀತು ಅಂತ.’

ಅಂಟುವ ರೋಗವಲ್ಲ ಎಂದು ಅಂದು ನಾನು ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ, ನನಗೆ ಹೊಳೆದಿರಲೂ ಇಲ್ಲ. ಈಗ ಹೇಳಿದೆ. ಅವರು ತಲೆಯಾಡಿಸಿದರು. ಆಮೇಲೆ, ಸಿಟ್ಟಿಲ್ಲದ ದನಿಯಲ್ಲಿ:

‘ನೀವು ನಾಕು ಮಂದಿ ಮುಂದ ಹೇಳಿದ್ರಿ. ಇಲ್ಲಿ ಬಂದು ನನ್ನೊಬ್ಬನ ಕಿವ್ಯಾಗ ಹೇಳಿದ್ರ ಆಗೂದಿಲ್ರಿ. ಅದ ನಾಕು ಮಂದಿ ಮುಂದ ಹೊಳ್ಳಿ ಹೇಳ್ರಿ.’

ಸ್ಕೂಟರಿನ ಹಿಂದೆ ಕಾಕಾರನ್ನು ಕೂರಿಸಿಕೊಂಡು ಕಲ್ಲೋಳಿಗೆ ಬಂದೆ. ಕೊಪ್ಪರಿಗೆ ಒಲೆಯ ಮೇಲಿತ್ತು. ಅದರ ಸುತ್ತ ಯಜಮಾನರು, ಬೆಲ್ಲ ಕೊರೆಯುವವನು, ಹೊಸಬ, ಎತ್ತು ಕಟ್ಟುವವನು, ಸರಿಯಾಗಿ ನಾಲ್ಕು ಮಂದಿ. ಡಾಕ್ಟರೇಟಿನ ಮೌಖಿಕ ಪರೀಕ್ಷೆ ನನಗೆ ಆಮೇಲೆ ವರ್ಷಗಳು ಕಳೆದು ಆಯಿತು. ಮೂವರು ಪ್ರಾಧ್ಯಾಪಕರು, ಬಿಸ್ಕತ್ತು, ಚಪ್ಪಾಳೆ. ಅದರ ಒಂದು ಪ್ರಶ್ನೆಯೂ ಈಗ ನೆನಪಿಲ್ಲ. ಕಲ್ಲೋಳಿಯ ಒಲೆಯ ಮುಂದಿನ ಪರೀಕ್ಷೆಯ ಒಂದೊಂದು ಕ್ಷಣವೂ ನೆನಪಿದೆ. ತಪ್ಪು ನನ್ನದು, ಕಾಕಾರ ರಕ್ತದ್ದಲ್ಲ ಎಂದೆ. ಯಜಮಾನರು, ಹಾಗಾದರೆ ನಮ್ಮ ಬೆಲ್ಲದಿಂದ ಆಯಿತೇ ಎಂದು ಗಾಬರಿಯಾದರು. ಬೆಲ್ಲದಿಂದಲ್ಲ, ನಾನು ಕೂತದ್ದರಿಂದ ಎಂದೆ. ಬೆಲ್ಲ ಕೊರೆಯುವವನು ನೆಲ ನೋಡುತ್ತಿದ್ದ. ಕಾಕಾ ಅವನನ್ನು ಕರೆದು, ‘ಕೇಳಿದೇನ್ಲೇ? ಎಲ್ಲಾ ಕೇಳಿದೆಲ್ಲಾ?’ ಎಂದರು. ಕೇಳಿದೆ ಕಾಕಾ ಎಂದ.

ಆಗ ಕೊಪ್ಪರಿಗೆಯ ಕುದಿತದ ಸಪ್ಪಳ ಬದಲಾಗಿರಬೇಕು. ನಮಗ್ಯಾರಿಗೂ ಕೇಳಲಿಲ್ಲ. ಕಾಕಾ ಹೊಸಬನ ಕೈಯಿಂದ ಕವೆಗೋಲು ತೆಗೆದುಕೊಂಡು, ಒಲೆಯ ಬಾಯಿಂದ ಉರಿಯುವ ಸಿಪ್ಪೆಯನ್ನು ಎರಡು ಸಲ ಹಿಂದಕ್ಕೆಳೆದರು. ಗಾಳಿ ತಿರುಗಿ ಹೊಗೆ ನನ್ನ ಮುಖಕ್ಕೆ ನುಗ್ಗಿತು.

‘ಸರ್, ಆ ಬಾಜೂ ನಿಂದರ್ರಿ,’ ಎಂದರು, ‘ಹೊಗಿ ಬರಾಕತ್ತೈತಿ.’

ನಾನು ಸರಿದು ನಿಂತೆ. ಅವರು ಹೆಗಲ ಮೇಲಿನ ವಸ್ತ್ರವನ್ನು ನೀರಿನ ಬಕೀಟಿನಲ್ಲಿ ಅದ್ದಿ, ಹಿಂಡಿ, ಮೂಗು ಬಾಯಿಗೆ ಬಿಗಿಯಾಗಿ ಕಟ್ಟಿಕೊಂಡು ಒಲೆಗೆ ಬಗ್ಗಿದರು. ನಲವತ್ತು ವರ್ಷದಲ್ಲಿ ಅವರು ಹಾಗೆ ಕಟ್ಟಿಕೊಂಡದ್ದನ್ನು ತಾವು ಕಂಡಿರಲಿಲ್ಲ ಎಂದು ಯಜಮಾನರು ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದರು.